ಸುಲ್ತಾನಳ ಕನಸಿಗೆ ಹೊಸ ರಟ್ಟು

ಕಳೆದ ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ಫ್ಯಾನಿಲ್ಲ, ಟೀವಿಯಿಲ್ಲ, ಮೊಬೈಲಿನ ಚಾರ್ಜೂ ಮುಗಿದಿತ್ತು. ನಮ್ಮ ಮನೆಯ ಇಬ್ಬರು ಮಕ್ಕಳು ಹಾಲಿನ ನೆಲದ ಮೇಲೆ ಉರುಳಾಡುತ್ತಾ, ಯಾರು ಯಾರಿಗೆ ಮೊದಲು ಕಾಲು ತಾಗಿಸಿದರು ಎಂಬ ವ್ಯಾಜ್ಯ ನಡೆಸಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಮ್ಮತ್ತೆ ಬೀಸಣಿಗೆ ಹಿಡಿದು ಕೂತಿದ್ದರು. ಪುಸ್ತಕ ಮೇಳದಲ್ಲಿ ಕೊಂಡು ತಂದು, ಆರು ತಿಂಗಳಿಂದ ಬೀರುವಿನಲ್ಲೇ ಇಟ್ಟಿದ್ದ ಒಂದು ತೆಳ್ಳನೆಯ ಪುಸ್ತಕ ನನಗೆ ನೆನಪಾಯಿತು. ಇಂಗ್ಲಿಷ್ ಪುಸ್ತಕ. ಹೆಸರು ‘ಸುಲ್ತಾನಾಸ್ ಡ್ರೀಮ್’, ಅಂದರೆ ಸುಲ್ತಾನಳ ಕನಸು. ಅದನ್ನು ತೆಗೆದು, ಓದುತ್ತಾ ಓದುತ್ತಾ ಕನ್ನಡಕ್ಕೆ ತಿರುಗಿಸಿ ಹೇಳತೊಡಗಿದೆ.

ಕಥೆ ಶುರುವಾಗುವುದು ಹೀಗೆ. ಸುಲ್ತಾನ ಎಂಬ ಹೆಂಗಸು ತನ್ನ ಕೋಣೆಯ ಆರಾಮ ಕುರ್ಚಿಯಲ್ಲಿ ಒರಗಿಕೊಂಡು ನಮ್ಮ ದೇಶದ ಹೆಂಗಸರ ಸ್ಥಿತಿಗತಿಯ ಬಗ್ಗೆ ಯೋಚಿಸುತ್ತಿದ್ದಾಳೆ. ನಿದ್ದೆ ಹತ್ತಿತೋ ಇಲ್ಲವೋ ಅವಳಿಗೇ ತಿಳಿಯದು. ಪರಿಚಯದ ಸಾರಾ ಬಂದು ಹೊರಗೆ ಸುತ್ತಾಡಿ ಬರೋಣ ಎಂದು ಕರೆಯುತ್ತಾಳೆ. ರಾತ್ರಿಯೇ ಇರಬೇಕು, ಯಾರೂ ನೋಡುವುದಿಲ್ಲ ಎಂದುಕೊಂಡು ಸುಲ್ತಾನ ಹೊರಟರೆ, ಹೊರಗೆ ಪಟಪಟ ಬಿಸಿಲು! ಬೀದಿಯ ತುಂಬಾ ಜನ. ಆದರೆ ಒಬ್ಬನೇ ಒಬ್ಬ ಗಂಡಸಿಲ್ಲ. ಮುಸುಕಿಲ್ಲದೆ ಬೀದಿಗೆ ಬಂದು ಅಭ್ಯಾಸವಿಲ್ಲದ ಸುಲ್ತಾನ ಸಂಕೋಚದಿಂದ ಮುದುಡಿಕೊಂಡು ನಡೆಯುತ್ತಾಳೆ. ಅದನ್ನು ಕಂಡು ದಾರಿಯಲ್ಲಿ ಹೋಗುವ ಹೆಂಗಸರು ನಗುತ್ತಾರೆ. ಯಾಕೆ ನಗುತ್ತಾರೆ ಎಂದು ಕೇಳಿದರೆ, ಇವಳು ಥೇಟು ಗಂಡಸರ ಹಾಗೆ ನಾಚಿಕೊಳ್ಳುತ್ತಾಳೆ ಎಂದು ನಗುತ್ತಿದ್ದಾರಂತೆ.

ಇಲ್ಲಿಗೆ ಬರುವಷ್ಟರಲ್ಲಿ ಮಗಳು ಎದ್ದು ಕೂತಿದ್ದಳು. ಮಗ ಇನ್ನೂ ಅನುಮಾನದಲ್ಲೇ ಮಲಗಿದ್ದ.

ಆ ನಾಡಿನಲ್ಲಿ ಎಲ್ಲವೂ ತಿರುಗುಮುರುಗು. ಹಿಂದೆ ದೊಡ್ಡ ಮನೆಗಳಲ್ಲಿ ಹೆಂಗಸರಿಗೆಂದೇ ಒಳಗಿನ ಭಾಗವೊಂದು ಇರುತ್ತಿತ್ತು, ಅದಕ್ಕೆ ಜನಾನಾ ಎನ್ನುತ್ತಿದ್ದರು. ಗಂಡಸರ ಭಾಗ ಮರ್ದಾನಾ. ಈ ನಾಡಿನಲ್ಲಿ ಒಳಗೆ ಇರುವವರು ಗಂಡಸರು. ಅಡುಗೆ ಅವರದು, ಮಗು ಎತ್ತಿಕೊಳ್ಳುವುದು ಅವರದು. ಸುಲ್ತಾನ ಅಡುಗೆಮನೆ ನೋಡಬೇಕೆಂದಾಗ, ಹೆಂಗಸೊಬ್ಬರು ಬರುತ್ತಿದ್ದಾರೆ ಎಂದು ಮೊದಲೇ ಹೇಳಿ ಗಂಡಸರನ್ನು ಅಲ್ಲಿಂದ ಸರಿಸುತ್ತಾರೆ. ಆ ಅಡುಗೆಮನೆಯಲ್ಲಿ ಸೌದೆಯಿಲ್ಲ, ಇದ್ದಿಲಿಲ್ಲ, ಹೊಗೆಯಿಲ್ಲ. ಬಿಸಿಲಿನ ಶಾಖವನ್ನು ಹಿಡಿದಿಟ್ಟು ಅದರಿಂದಲೇ ಅಡುಗೆ ಮಾಡುತ್ತಾರೆ.

“ಹೊಗೇನೇ ಇಲ್ವಂತಾ?” ಎಂದರು ಅತ್ತೆ. ಬೀಸಣಿಗೆ ನಿಂತಿತ್ತು. ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ಸೌದೆ ಒಲೆಗೆ ಊದುಗೊಳವೆ ಹಿಡಿದು ಊದಿದವರು ಅವರು. ಆ ಸಾಲನ್ನು ಮತ್ತೊಂದು ಸಲ ಓದಿಸಿಕೊಂಡರು.

ಮುಂದೆ ಇನ್ನೂ ಇದೆ. ಆ ನಾಡಿನ ಎರಡು ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳು ಸಂಶೋಧನೆ ಮಾಡುತ್ತಾರೆ. ಒಂದು ಕಡೆಯವರು ಬಲೂನಿಗೆ ಕೊಳವೆ ಕಟ್ಟಿ ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳುತ್ತಾರೆ. ಇನ್ನೊಂದು ಕಡೆಯವರು ಬಿಸಿಲನ್ನು ಕೂಡಿಡುತ್ತಾರೆ. ಆಗ ಅಧಿಕಾರದಲ್ಲಿದ್ದ ಗಂಡಸರು ಇದನ್ನೆಲ್ಲ ನೋಡಿ ಗೇಲಿ ಮಾಡುತ್ತಾ ಸೈನ್ಯ ಬೆಳೆಸುವುದರಲ್ಲಿ ಮುಳುಗಿರುತ್ತಾರೆ. ಆಮೇಲೆ ಯುದ್ಧ ಬರುತ್ತದೆ. ಪಕ್ಕದ ರಾಜ್ಯದಿಂದ ಓಡಿಬಂದು ಆಶ್ರಯ ಕೇಳಿದವರನ್ನು ರಾಣಿ ಒಪ್ಪಿಸಲಾರೆ ಎಂದದ್ದೇ ಯುದ್ಧಕ್ಕೆ ಕಾರಣ. ಹದಿನಾರರ ಹುಡುಗರೂ ರಣರಂಗಕ್ಕೆ ಹೋಗುತ್ತಾರೆ. ಆದರೂ ಶತ್ರು ರಾಜಧಾನಿಯಿಂದ 25 ಮೈಲಿ ದೂರಕ್ಕೆ ಬಂದುಬಿಡುತ್ತಾನೆ. ಆಗ ವಿಶ್ವವಿದ್ಯಾಲಯವೊಂದರ ಮುಖ್ಯಸ್ಥೆ ಒಂದು ಉಪಾಯ ಹೇಳುತ್ತಾಳೆ. ಗಂಡಸರೆಲ್ಲ ಒಳಗೆ ಹೋಗಬೇಕು, ನಾವು ಹೊರಗೆ ಹೋಗುತ್ತೇವೆ. ಎರಡು ಸಾವಿರ ವಿದ್ಯಾರ್ಥಿನಿಯರು ಹೊರಡುತ್ತಾರೆ. ಕೂಡಿಟ್ಟಿದ್ದ ಬಿಸಿಲಿನ ಝಳವನ್ನೆಲ್ಲ ಶತ್ರುವಿನ ಕಡೆ ತಿರುಗಿಸುತ್ತಾರೆ. ಶತ್ರು ಸೈನ್ಯ ದಿಕ್ಕೆಟ್ಟು ಓಡುತ್ತದೆ.

ಯುದ್ಧ ಮುಗಿದ ಮೇಲೆ ಒಳಗೆ ಹೋದ ಗಂಡಸರನ್ನು ಯಾರೂ ಹೊರಗೆ ಕರೆಯಲೇ ಇಲ್ಲ! ಕೆಲವು ಅಧಿಕಾರಿಗಳು ಅರ್ಜಿ ಬರೆದುಕೊಂಡರೆ, ಅಗತ್ಯ ಬಿದ್ದಾಗ ಹೇಳಿಕಳಿಸುತ್ತೇವೆ ಎಂಬ ಉತ್ತರ ಬಂತು.

ಮಗ ಈಗ ಎದ್ದು ಕೂತ. “ಇದು ಮೋಸ ಅಲ್ವಾ ಅಮ್ಮಾ? ಅವರೇನು ತಪ್ಪು ಮಾಡಿದ್ರು? ಸುಮ್ನೆ ಒಳಗೆ ಕೂಡಿಹಾಕೋದಾ?”

ನಾನು ಏನು ಹೇಳಲಿ ಎಂದು ತಡವರಿಸುವಷ್ಟರಲ್ಲಿ ಅತ್ತೆ ನಕ್ಕರು. “ನಿನಗೆ ಈಗ ಅನ್ನಿಸ್ತಲ್ಲ ಕಂದಾ, ಹಂಗೇ ಅನ್ನಿಸ್ಲಿ ಅಂತಾನೇ ಬರ್ದಿರೋದು.”

ಅತ್ತೆ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಈ ಕಥೆಯ ಬಗ್ಗೆ ನಾನು ಆಮೇಲೆ ಓದಿದ ಹಲವು ವಿದ್ವತ್ ಲೇಖನಗಳು ಅದೇ ಮಾತನ್ನು ಹತ್ತಾರು ಪುಟಗಳಲ್ಲಿ ಹೇಳಿವೆ.

ಬರೆದವರು ಯಾರು?

“ಇದು ಯಾವಾಗಿನ ಕಥೆ?” ಎಂದಳು ಮಗಳು. ಸೋಲಾರ್ ಒಲೆ, ವಿದ್ಯುತ್ತಿನಿಂದ ಉಳುವ ಹೊಲ, ರೆಕ್ಕೆಯಂಥ ಅಲಗು ತಿರುಗಿಸಿ ಹಾರುವ ಎರಡು ಸೀಟಿನ ಗಾಡಿ ಇವೆಲ್ಲ ಇರುವುದರಿಂದ ಮೊನ್ನೆ ಮೊನ್ನೆ ಬರೆದದ್ದೆಂದೇ ಅವಳ ಲೆಕ್ಕ. 1905 ಎಂದೆ. ನಂಬಲಿಲ್ಲ. ಪುಟ ತೆಗೆದು ತೋರಿಸಬೇಕಾಯಿತು. ರೈಟ್ ಸಹೋದರರ ವಿಮಾನ ಮೊದಲ ಸಲ ನೆಲ ಬಿಟ್ಟು 12 ಸೆಕೆಂಡು ಹಾರಿದ್ದು 1903ರ ಡಿಸೆಂಬರಿನಲ್ಲಿ. ಅದಾಗಿ ಎರಡು ವರ್ಷದೊಳಗೆ, ಬಿಹಾರದ ಭಾಗಲ್ಪುರದ ಮನೆಯೊಂದರೊಳಗೆ ಕೂತು, ಪರದೆಯಾಚೆಯ ಬೀದಿಯನ್ನೇ ಸರಿಯಾಗಿ ಕಾಣದ ಹೆಣ್ಣುಮಗಳೊಬ್ಬಳು ಹಾರುವ ಗಾಡಿಯ ಕಥೆ ಬರೆದಿದ್ದಳು.

ಅವಳೇ ರೊಕೇಯಾ ಸಖಾವತ್ ಹುಸೇನ್. ಹುಟ್ಟಿದ್ದು 1880ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ರಂಗಪುರದ ಹತ್ತಿರದ ಪೈರಾಬಂದ್ ಎಂಬ ಊರಿನ ಜಮೀನ್ದಾರರ ಮನೆಯಲ್ಲಿ. ಐದು ವರ್ಷ ತುಂಬುತ್ತಿದ್ದಂತೆ ಪರದೆ. ಗಂಡಸರಿಗೆ ಮಾತ್ರವಲ್ಲ, ಮನೆಗೆ ಬರುವ ಹೊರಗಿನ ಹೆಂಗಸರ ಕಣ್ಣಿಗೂ ಬೀಳಬಾರದು. ಯಾರಾದರೂ ಬಂದರೆಂದು ಸನ್ನೆ ಸಿಕ್ಕರೆ ಆ ಪುಟ್ಟ ಹುಡುಗಿ ಎಲ್ಲಾದರೂ ಓಡಿಹೋಗಿ ಅಡಗಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಬಂಗಾಳಿಯಾಗಲಿ ಇಂಗ್ಲಿಷಾಗಲಿ ಕಲಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಣ್ಣ ಇಬ್ರಾಹಿಂ ದೀಪ ಹಚ್ಚಿಕೊಂಡು ತಂಗಿಗೆ ಇಂಗ್ಲಿಷ್ ಕಲಿಸಿದ. ಬಂಗಾಳಿಗೆ ಅಕ್ಕ ಕರೀಮುನ್ನೀಸಾ ಆಸರೆಯಾದಳು. 1898ರಲ್ಲಿ ರೊಕೇಯಾಳಿಗೆ ಮದುವೆಯಾಯಿತು. ಗಂಡ ಸಖಾವತ್ ಹುಸೇನ್ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್, ಓದು ಬರಹಕ್ಕೆ ಅಡ್ಡಿ ಮಾಡುವವರಲ್ಲ.

ಈ ಕಥೆ ಹುಟ್ಟಿದ ಬಗೆಯನ್ನು ರೊಕೇಯಾ ತಾವೇ ಹೇಳಿಕೊಂಡಿದ್ದಾರೆ. ಗಂಡ ಸರ್ಕಾರಿ ಕೆಲಸದ ಮೇಲೆ ಎರಡು ದಿನ ಊರಿನಲ್ಲಿರಲಿಲ್ಲ. ಹೊತ್ತು ಹೋಗಲೆಂದು ಏನೋ ಬರೆದರು. ಅವರು ಹಿಂದಿರುಗಿ ಏನು ಮಾಡುತ್ತಿದ್ದೆ ಎಂದಾಗ ಹಾಳೆಗಳನ್ನು ಕೈಗಿಟ್ಟರು. ಸಖಾವತ್ ಕೂರುವುದನ್ನೂ ಮರೆತು, ನಿಂತಲ್ಲೇ ಕೊನೆಯವರೆಗೆ ಓದಿ, ಒಳ್ಳೆಯ ಸೇಡು ತೀರಿಸಿಕೊಂಡೆ ಎಂಬರ್ಥದ ಮಾತಾಡಿದರಂತೆ. ಆಮೇಲೆ ಭಾಷೆ ಸರಿಯಿದೆಯೇ ನೋಡಲೆಂದು ಅಲ್ಲಿನ ಇಂಗ್ಲಿಷ್ ಕಮಿಷನರರಿಗೆ ಕಳಿಸಿದರು. ಕಮಿಷನರ್ ಮೆಚ್ಚಿಕೊಂಡರು.

ಕಥೆ ಅಚ್ಚಾದದ್ದು ನಮ್ಮ ಪಕ್ಕದ ಮದರಾಸಿನಲ್ಲಿ. ಕಮಲಾ ಸತ್ಯನಾಥನ್ ಅಲ್ಲಿಂದ ‘ಇಂಡಿಯನ್ ಲೇಡೀಸ್ ಮ್ಯಾಗಝಿನ್’ ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸುತ್ತಿದ್ದರು. ಲೇಖಕಿಯ ಹೆಸರಿನ ಜಾಗದಲ್ಲಿ ಇದ್ದದ್ದು ‘ಮಿಸೆಸ್ ಆರ್. ಎಸ್. ಹುಸೇನ್’. 1908ರಲ್ಲಿ ಕಲ್ಕತ್ತೆಯಲ್ಲಿ ಪುಟ್ಟ ಪುಸ್ತಕವಾಗಿ ಬಂತು. ಆಮೇಲೆ ಅವರೇ ಅದನ್ನು ಬಂಗಾಳಿಗೂ ತಂದರು. ಬಂಗಾಳಿ ಓದುಗರು ರೊಕೇಯಾರನ್ನು ಎಂದೂ ಮರೆಯಲಿಲ್ಲ, ಬಾಂಗ್ಲಾದೇಶದಲ್ಲಿ ಡಿಸೆಂಬರ್ 9 ರೊಕೇಯಾ ದಿನ. ಆದರೆ ಇಂಗ್ಲಿಷಿನಲ್ಲಿ ಬರೆದ ಈ ಕಥೆ ಬಂಗಾಳದಾಚೆ ಬಹುಪಾಲು ಕಣ್ಮರೆಯಾಯಿತು. ಹಳೆಯ ಮಾಸಪತ್ರಿಕೆಗಳ ಗತಿ ನಿಮಗೆ ಗೊತ್ತೇ ಇದೆ. ತಿಂಗಳು ಕಳೆದ ಮೇಲೆ ಅದು ರದ್ದಿ, ಅಥವಾ ಕಪಾಟಿನ ಕೆಳಗಿನ ಹಲಗೆಗೆ ಹಾಸುವ ಕಾಗದ.

ಒಂದು ಕಥೆ, ನಾಲ್ಕಾರು ಅಂಗಿ

ಕಥೆ ಎದ್ದು ಬಂದದ್ದು 1988ರಲ್ಲಿ. ಬಾಂಗ್ಲಾದೇಶದ ರೌಶನ್ ಜಹಾನ್ ಇದನ್ನೂ ರೊಕೇಯಾರ ಪರದೆಯ ಕುರಿತ ಬರಹಗಳ ಅನುವಾದವನ್ನೂ ಸೇರಿಸಿ ಸಂಪಾದಿಸಿದರು. ಪ್ರಕಟಿಸಿದ್ದು ನ್ಯೂಯಾರ್ಕಿನ ಫೆಮಿನಿಸ್ಟ್ ಪ್ರೆಸ್. ಇದು ಕಾಲೇಜಿನ ಮೇಜಿನ ಮೇಲೆ ಕೂರುವ ಪುಸ್ತಕ, ಮುನ್ನುಡಿ ಹಿನ್ನುಡಿಗಳೊಂದಿಗೆ. 2005ರಲ್ಲಿ ಪೆಂಗ್ವಿನ್ ಸರದಿ. ಬರ್ನಿತಾ ಬಾಗ್ಚಿ ರೊಕೇಯಾರ ಬಂಗಾಳಿ ಕಾದಂಬರಿ ‘ಪದ್ಮರಾಗ್’ ಅನ್ನು ಇಂಗ್ಲಿಷಿಗೆ ತಂದು, ಎರಡನ್ನೂ ಒಂದೇ ರಟ್ಟಿನೊಳಗೆ ಇಟ್ಟರು. ಸ್ಪೇನಿನಲ್ಲಿ ಈ ಕಥೆಯಿಂದ ಪ್ರೇರಣೆ ಪಡೆದ ಒಂದು ಅನಿಮೇಷನ್ ಚಿತ್ರವೇ ಆಯಿತು. 2024ರ ಮೇ ತಿಂಗಳಿನಲ್ಲಿ ಯುನೆಸ್ಕೋದ ‘ಮೆಮೊರಿ ಆಫ್ ದಿ ವರ್ಲ್ಡ್’ ಏಷ್ಯಾ ಪೆಸಿಫಿಕ್ ಪಟ್ಟಿಗೆ ಸೇರಿತು. ಅದೇ ಸಭೆಯಲ್ಲಿ ಅದೇ ಪಟ್ಟಿಗೆ ನಮ್ಮ ಪಂಚತಂತ್ರದ ಹಸ್ತಪ್ರತಿಯೂ ಸೇರಿದ್ದು ನನಗೆ ಬಹಳ ಇಷ್ಟವಾದ ಸಂಗತಿ. ಮಾತಾಡುವ ನರಿಗಳ ಪಕ್ಕದಲ್ಲಿ ಬಿಸಿಲಲ್ಲಿ ಅಡುಗೆ ಮಾಡುವ ಗಂಡಸರು!

ನಾನು ಕೊಂಡಿದ್ದು ಇವು ಯಾವುವೂ ಅಲ್ಲ, ಚೆನ್ನೈನ ತಾರಾ ಬುಕ್ಸ್ ತಂದಿರುವ ಚಿತ್ರಗಳಿರುವ ಆವೃತ್ತಿ. ಇದಕ್ಕೆ ಚಿತ್ರ ಬರೆದವರು ಮಧ್ಯಪ್ರದೇಶದ ಗೊಂಡ ಕಲಾವಿದೆ ದುರ್ಗಾಬಾಯಿ ವ್ಯಾಮ್. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಲೆನಾಡಿನಲ್ಲಿ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರಲ್ಲ, ಹಾಗೆ ಅವರ ಕಡೆ ಮನೆಯ ಗೋಡೆ ಮತ್ತು ನೆಲದ ಮೇಲೆ ಬರೆಯುವ ‘ಡಿಗ್ನಾ’ ಎಂಬ ವಿನ್ಯಾಸವಿದೆ. ದುರ್ಗಾಬಾಯಿ ಕೈ ತಿದ್ದಿಕೊಂಡದ್ದು ಅದರಲ್ಲೇ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗೊಂಡ ಚಿತ್ರದಲ್ಲಿ ಆಕಾರದ ಒಳಗಿನ ಜಾಗ ಖಾಲಿ ಬಿಡುವುದಿಲ್ಲ. ಸಣ್ಣ ಗೆರೆ, ಚುಕ್ಕೆಗಳಿಂದ ತುಂಬುತ್ತಾರೆ, ಒಬ್ಬೊಬ್ಬ ಕಲಾವಿದರ ತುಂಬುವ ರೀತಿ ಒಂದೊಂದು. ಅದೇ ಅವರ ಸಹಿ ಇದ್ದ ಹಾಗೆ. ರಾತ್ರಿ ಕದ್ದು ಓದು ಕಲಿತ ಜಮೀನ್ದಾರರ ಮಗಳ ಕಥೆಗೆ, ಓದು ಸಿಗದ ಹಳ್ಳಿಯ ಹೆಣ್ಣುಮಗಳ ಚಿತ್ರ. ಇಬ್ಬರ ನಡುವೆ ಹೆಚ್ಚುಕಡಿಮೆ ನೂರು ವರ್ಷ.

ಪುಸ್ತಕಕ್ಕೆ ಈ ಅಂಗಿ ತೊಡಿಸಿದ್ದರಿಂದಲೇ ಅದು ನಮ್ಮ ಮನೆಗೆ ಬಂತೆಂದು ಧಾರಾಳವಾಗಿ ಹೇಳುತ್ತೇನೆ. ಅಡಿಟಿಪ್ಪಣಿಗಳಿರುವ ಆವೃತ್ತಿಯನ್ನು ನಾನು ಹನ್ನೊಂದು ವರ್ಷದ ಹುಡುಗಿಗೆ ಓದಿ ಹೇಳುತ್ತಿರಲಿಲ್ಲ. ಹಾಗೆಂದು ಆ ಪುಸ್ತಕ ಬೇಡವೆಂದಲ್ಲ. ರೌಶನ್ ಜಹಾನರಂಥವರು ಹಳೆಯ ಪ್ರತಿ ಹುಡುಕಿ, ಪಾಠ ಸರಿ ನೋಡಿ, ಕಥೆಯನ್ನು ಮತ್ತೆ ಲೋಕದ ಮುಂದಿಡದಿದ್ದರೆ ಅದು ಬಂಗಾಳದಾಚೆ ಇಷ್ಟು ಕೈಗಳಿಗೆ ಸಿಗುತ್ತಿತ್ತೇ?

ಇಲ್ಲೊಂದು ವ್ಯವಹಾರದ ಮಾತು. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ಅವರ ಬರಹದ ಮೇಲೆ ಯಾರ ಹಕ್ಕೂ ಇರುವುದಿಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ರೊಕೇಯಾ ತೀರಿಕೊಂಡದ್ದು 1932ರಲ್ಲಿ. ಹಳೆಯ ಕಥೆಗಳು ಹೊಸ ರಟ್ಟಿನಲ್ಲಿ ಬರಲು ಇದೂ ಒಂದು ಕಾರಣ. ಇದರಲ್ಲಿ ಲಾಭವೂ ಇದೆ, ಕಿರಿಕಿರಿಯೂ ಇದೆ. ಒಂದು ಸಲ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳೆಯ ಕಥೆಗಳ ಸಂಕಲನವೊಂದನ್ನು ತರಿಸಿಕೊಂಡೆ. ಎರಡು ಕಥೆಗಳ ಕೊನೆಯ ಪುಟವೇ ಇಲ್ಲ! ಯಾವ ವರ್ಷ ಬರೆದದ್ದು, ಮೊದಲು ಎಲ್ಲಿ ಬಂತು, ಯಾರು ತಿದ್ದಿದರು ಎಂಬ ಒಂದು ಮಾತೂ ಇಲ್ಲ. ಅಂದಿನಿಂದ ಅಂಗಡಿಯಲ್ಲಿ ಹಳೆಯ ಕಥೆಗಳ ಪುಸ್ತಕ ಕೈಗೆತ್ತಿಕೊಂಡರೆ ನಾನು ಮೊದಲು ನೋಡುವುದು ಚಿತ್ರವನ್ನಲ್ಲ, ಬೆಲೆಯನ್ನೂ ಅಲ್ಲ. ಮೊದಲ ಮುದ್ರಣದ ಮಾಹಿತಿಯಿರುವ ಆ ಸಣ್ಣಕ್ಷರದ ಪುಟವನ್ನು. ಅಲ್ಲಿ ಪ್ರಾಮಾಣಿಕತೆ ಇದ್ದರೆ ಒಳಗೂ ಇರುತ್ತದೆ ಎಂಬುದು ನನ್ನ ಅನುಭವ. ಮಕ್ಕಳಿಗಾಗಿ ಹಳೆಯ ಕಥೆಯನ್ನು ‘ಸರಳಗೊಳಿಸಿದ’ ಪುಸ್ತಕಗಳ ಬಗ್ಗೆಯೂ ಹುಷಾರು. ಗಟ್ಟಿಯಾದದ್ದನ್ನೆಲ್ಲ ಸೋಸಿ ಬರೀ ಗಂಜಿತಿಳಿ ಕೊಟ್ಟಿರುತ್ತಾರೆ. ಮಕ್ಕಳಿಗೆ ಹಲ್ಲಿದೆ.

ರೊಕೇಯಾರ ಕಥೆಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೂ ಉಂಟು. ಆ ನಾಡಿನಲ್ಲಿ ರಾಣಿಯಿದ್ದಾಳೆ, ವಿಜ್ಞಾನಿಗಳಿದ್ದಾರೆ, ಅಧಿಕಾರಿಗಳಿದ್ದಾರೆ. ಗಂಡಸರು ದಿನಕ್ಕೆ ಹನ್ನೆರಡು ಚುಟ್ಟಾ ಸೇದುತ್ತಾ ಆರು ಗಂಟೆ ಕಳೆಯುವುದರಿಂದ ಕಚೇರಿ ಕೆಲಸ ಉದ್ದವಾಗುತ್ತದೆ ಎಂಬ ಲೆಕ್ಕಾಚಾರವೂ ಇದೆ. (ಅತ್ತೆ ಇದಕ್ಕೆ ಬಿದ್ದು ಬಿದ್ದು ನಕ್ಕರು. ನಮ್ಮ ಮಾವನವರು ಪಕ್ಕದ ಕೋಣೆಯಿಂದ ಕೆಮ್ಮಿದರು.) ಆದರೆ ಕೂಲಿನಾಲಿ ಮಾಡುವ ಹೆಂಗಸು ಅಲ್ಲಿ ಕಾಣುವುದೇ ಇಲ್ಲ. ಪರದೆಯ ಹಿಂದೆ ಕೂರುವಷ್ಟು ಅನುಕೂಲವಿಲ್ಲದ, ಹೊಲದಲ್ಲಿ ಬೆನ್ನು ಬಗ್ಗಿಸುವ ಹೆಂಗಸಿಗೆ ಸುಲ್ತಾನಳ ಕನಸಿನಲ್ಲಿ ಯಾವ ಜಾಗ? ಹೊಸ ಆವೃತ್ತಿಗೆ ದುರ್ಗಾಬಾಯಿಯಂಥವರ ಕೈ ತಾಗಿದ್ದು ಈ ಕೊರತೆಯನ್ನು ಸ್ವಲ್ಪ ತುಂಬಿತೇನೋ ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲೂ ಒಬ್ಬರು ‘ಮಿಸೆಸ್’

‘ಮಿಸೆಸ್ ಆರ್. ಎಸ್. ಹುಸೇನ್’ ಎಂದು ಓದಿದಾಗ ನನಗೆ ನೆನಪಾದದ್ದು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’. ಆ ಹೆಸರಿನಲ್ಲಿ ಕನ್ನಡದಲ್ಲಿ ಕಥೆ ಬರೆಯುತ್ತಿದ್ದವರು ಕೊಡಗಿನ ಗೌರಮ್ಮ. ಗಾಂಧೀಜಿ 1934ರಲ್ಲಿ ಕೊಡಗಿಗೆ ಬಂದಾಗ ತಮ್ಮ ಚಿನ್ನದ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಹೆಣ್ಣುಮಗಳು. ವಿಧವೆಯರ ಬದುಕು, ಮದುವೆಯ ಹೆಸರಿನಲ್ಲಿ ನಡೆಯುವ ಅನ್ಯಾಯ ಇವುಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದರು. 1939ರ ಏಪ್ರಿಲಿನಲ್ಲಿ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡಾಗ ಅವರಿಗೆ ಬರೀ 27 ವರ್ಷ. ‘ಕಂಬನಿ’ ಮತ್ತು ‘ಚಿಗುರು’ ಸಂಕಲನಗಳನ್ನು ಪುಸ್ತಕವಾಗಿ ನೋಡಲು ಅವರು ಇರಲಿಲ್ಲ. 2023ರಲ್ಲಿ, ಕೊಡಗಿನವರೇ ಆದ ದೀಪಾ ಭಾಸ್ತಿ ಗೌರಮ್ಮನವರ ಕಥೆಗಳನ್ನು ‘ಫೇಟ್ಸ್ ಗೇಮ್ ಅಂಡ್ ಅದರ್ ಸ್ಟೋರೀಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಅನುವಾದಕ್ಕೆ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದವರು ಇವರೇ. ಗೌರಮ್ಮನವರ ಪುಸ್ತಕ ಕನ್ನಡದ ಮನೆಯಲ್ಲಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ನಮ್ಮ ಮನೆಯಲ್ಲಿರಲಿಲ್ಲ. ಮಾರನೆಯ ದಿನ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ ತಂದೆ. ಹಿಂದಿನ ಪುಟದ ಚೀಟಿಯ ಮೇಲೆ ಕೊನೆಯ ಮೊಹರು ಬಿದ್ದು ಒಂಬತ್ತು ವರ್ಷವಾಗಿತ್ತು.

ಅಂದು ಮಧ್ಯಾಹ್ನ ಕಥೆ ಮುಗಿಯುವ ಹೊತ್ತಿಗೆ ಕರೆಂಟು ಬಂದಿತ್ತು. ಆದರೆ ಟೀವಿಯ ಕಡೆ ಯಾರೂ ಓಡಲಿಲ್ಲ. ಸುಲ್ತಾನ ಹಾರುವ ಗಾಡಿಯಿಂದ ಜಾರಿ ಬೀಳುತ್ತಾಳೆ, ಕಣ್ಣು ಬಿಟ್ಟರೆ ಅದೇ ಕೋಣೆ, ಅದೇ ಕುರ್ಚಿ. “ಆಮೇಲೆ?” ಎಂದಳು ಮಗಳು. ಕಥೆ ಅಷ್ಟೇ ಎಂದೆ. “ಕಥೆ ಅಲ್ಲ, ಬರೆದ ಆಂಟಿಗೆ ಆಮೇಲೆ ಏನಾಯ್ತು?”

ಅದನ್ನು ಹೇಳಿದೆ. 1909ರಲ್ಲಿ ಸಖಾವತ್ ತೀರಿಕೊಂಡರು. ಶಾಲೆ ತೆಗೆಯಲೆಂದು ಅವರು ಬಿಟ್ಟುಹೋಗಿದ್ದ ಹಣದಿಂದ ಅದೇ ವರ್ಷ ರೊಕೇಯಾ ಭಾಗಲ್ಪುರದಲ್ಲಿ ಹೆಣ್ಣುಮಕ್ಕಳ ಶಾಲೆ ಶುರುಮಾಡಿದರು. ಇದ್ದದ್ದು ಐದು ಮಕ್ಕಳು. ಮನೆತನದ ತಕರಾರಿನಿಂದ ಊರು ಬಿಡಬೇಕಾಯಿತು. 1911ರಲ್ಲಿ ಕಲ್ಕತ್ತೆಯಲ್ಲಿ ಮತ್ತೆ ಮೊದಲಿನಿಂದ, ಈ ಸಲ ಎಂಟು ಮಕ್ಕಳು. ಹೆಣ್ಣುಮಕ್ಕಳನ್ನು ಕಳಿಸಿರೆಂದು ಮನೆಮನೆಗೆ ಹೋಗಿ ಕೇಳಿದರು. ಕಳಿಸುತ್ತೇವೆ, ಆದರೆ ಮಕ್ಕಳನ್ನು ಯಾರೂ ನೋಡಬಾರದು ಎಂದರು ಹೆತ್ತವರು. ಹಾಗಾಗಿ ಶಾಲೆಯ ಬಸ್ಸನ್ನು ಪೂರ್ತಿ ಮುಚ್ಚಿ ಮಾಡಿಸಿದರು, ಗಾಳಿಗೆಂದು ಒಂದಿಷ್ಟು ಜಾಲರಿ ಮಾತ್ರ. ಒಳಗೆ ಕಗ್ಗತ್ತಲು. ಮಕ್ಕಳು ಹೆದರಿ ಅತ್ತರು, ವಾಂತಿ ಮಾಡಿಕೊಂಡರು, ಕೆಲವರು ಮೂರ್ಛೆ ಹೋದರು. ಮನೆಯವರು ದೂರು ಹೇಳಿದರು. ಸರಿ, ಮುಚ್ಚಿದ್ದನ್ನು ತೆಗೆಸಿ ಪರದೆ ಹಾಕಿಸಿದರು. ಗಾಳಿಗೆ ಪರದೆ ಹಾರಿ ಒಳಗಿರುವ ಮಕ್ಕಳು ಕಾಣುತ್ತಾರೆಂದು ಆಕ್ಷೇಪಣೆಯ ಕಾಗದಗಳು ಬಂದವು. ತಮ್ಮ ‘ಅವರೋಧ್‌ಬಾಸಿನಿ’ ಪುಸ್ತಕದಲ್ಲಿ ರೊಕೇಯಾ ಇದನ್ನು ನಗುನಗುತ್ತಲೇ ಬರೆದಿದ್ದಾರೆ. ಹೆಂಗಸರು ಹಗಲಲ್ಲಿ ರಾಜಾರೋಷವಾಗಿ ಬೀದಿಯಲ್ಲಿ ಓಡಾಡುವ ಕಥೆ ಬರೆದು ಆಗ ಎಷ್ಟೋ ವರ್ಷವಾಗಿತ್ತು.

ಮಗ ಏನೂ ಹೇಳಲಿಲ್ಲ. ಹಾರುವ ಗಾಡಿಯ ಚಿತ್ರ ಬರೆಯುತ್ತಿದ್ದ, ಎರಡು ಸೀಟು ಸಾಲದೆಂದು ಐದು ಮಾಡಿದ್ದ.

“ಆ ಸ್ಕೂಲು ಈಗಲೂ ಇದ್ಯಾ?” ಎಂದು ಕೇಳಿದರು ಅತ್ತೆ.

ಇದೆ ಅತ್ತೆ, ಕೋಲ್ಕತ್ತದಲ್ಲಿ. ಸಖಾವತ್ ಮೆಮೋರಿಯಲ್ ಹೆಣ್ಣುಮಕ್ಕಳ ಹೈಸ್ಕೂಲು, ಈಗ ಸರ್ಕಾರದ್ದು ಎಂದೆ.

ಅವರು ಸ್ವಲ್ಪ ಹೊತ್ತು ಬೀಸಣಿಗೆ ಬೀಸಿಕೊಂಡರು. ಫ್ಯಾನು ತಿರುಗುತ್ತಿರುವುದು ಅವರಿಗೆ ಗೊತ್ತಾಗಿರಲಿಲ್ಲ.

“ಕಿಟಕಿ ಪಕ್ಕದ ಸೀಟಿಗೆ ಈಗ ಮಕ್ಕಳು ಜಗಳ ಆಡ್ತಾವೇನೋ” ಎಂದರು.